ಮಾಸ್ತರರ ಹೊಟ್ಟೆಯೊಳಗೆ ಕ್ಯಾಮೆರಾ

ಡ್ರಾಯಿಂಗ್ ಮಾಸ್ತರ ಮಚ್ಛೇಂದ್ರನಿಗೆ ಚಾಕು ಕಂಡರೆ ಬೆವರು. ಮಾವಿನಹಣ್ಣನ್ನೂ ಹೆಂಡತಿ ವಿಶಾಖಾಳೇ ಕೊಯ್ದು ಕೊಡಬೇಕು. ಅಂಥವನಿಗೆ ಮೂರು ತಿಂಗಳಿಂದ ಹೊಟ್ಟೆನೋವು. ಸ್ಕ್ಯಾನ್ ಮಾಡಿಸಿದರೆ ಸಣ್ಣ ಕರುಳಿನಲ್ಲಿ ಗಂಟು!

ಬೀದರಿನ ಡಾಕ್ಟರು ಬೆಳಿಗ್ಗೆ ಒಂಬತ್ತಕ್ಕೆ ದಪ್ಪನೆಯ ಗುಳಿಗೆಯೊಂದನ್ನು ಕೈಗಿಟ್ಟರು.

"ನುಂಗ್ರಿ. ಒಳಗ ಕ್ಯಾಮೆರಾ ಅದ. ಗಂಟು ಕೆಟ್ಟದ್ದಲ್ಲ ಅನ್ನಿಸ್ತದ, ಆದ್ರೂ ನೋಡಿ ಖಾತ್ರಿ ಮಾಡ್ಕೋಬೇಕು."

"ಕೊಯ್ಯೋದು ಇರ್ತದೇನ್ರಿ?"

"ಕೆಟ್ಟದ್ದಲ್ಲಂದ್ರ ಅದನ್ಯಾಕ ಮುಟ್ಟೋಣ್ರಿ? ಸಂಜಿ ಐದಕ್ಕ ಬರ್ರಿ."

ಗುಳಿಗೆ ನುಂಗಿ, ಅದು ಕಳಿಸುವ ಫೋಟೊ ಹಿಡಿದಿಡುವ ಡಬ್ಬಿಯನ್ನು ಸೊಂಟಕ್ಕೆ ಕಟ್ಟಿಸಿಕೊಂಡು ಮಚ್ಛೇಂದ್ರ ಮೈಲೂರಿನ ಮನೆಗೆ ಬಂದ. ಡಬ್ಬಿಯ ಹಸಿರು ದೀಪ ಮಿಣುಕುತ್ತಿತ್ತು. ಪಕ್ಕದ ಮನೆಯ ಅಜೀಜಾ ಬೇಗಂ ಕಂಡೇಬಿಟ್ಟರು. ವಿಷಯ ತಿಳಿದದ್ದೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

"ಯಾ ಅಲ್ಲಾ! ನಂದೂ ಫೋಟೊ ಬರ್ತದೇನ್ರಿ ಮಾಸ್ತರ?"

"ಇಲ್ರಿ ಬೇಗಂ, ಬರೇ ಒಳಗಿಂದು."

"ಹಂಗಾದ್ರ ನನ್ನ ಮುಂದ ಬಾಯಿ ತೆರೀಬ್ಯಾಡ್ರಿ!"

ಎದುರು ಮನೆಯ ಸುಶೀಲಕುಮಾರ ನಿವೃತ್ತ ಬಸ್ ಕಂಡಕ್ಟರ್. ಅರ್ಧ ತಾಸಿಗೊಮ್ಮೆ ಬಂದು ಹೊಟ್ಟೆ ನೋಡಿ, ಗುಳಿಗೆ ಎಲ್ಲಿಗೆ ಬಂತೆಂದು ಬೀದರಿನಿಂದ ಔರಾದಿಗೆ ಹೋಗುವ ಬಸ್ಸಿನಂತೆ ಲೆಕ್ಕ ಹಾಕುತ್ತಿದ್ದ. "ಈಗ ಸಂತಪುರ ದಾಟಿರಬೇಕು. ಅಡ್ಡಾಡ್ರಿ ಮಾಸ್ತರ, ಕುಂತ್ರ ಅದೂ ಕುಂದ್ರತದ."

"ಬ್ಯಾಡ್ರಿ! ಅಡ್ಡಾಡಿದ್ರ ಫೋಟೊ ಅಲ್ಲಾಡ್ತದ," ಎಂದರು ಬೇಗಂ.

ಮಚ್ಛೇಂದ್ರ ನಾಲ್ಕು ಹೆಜ್ಜೆ ನಡೆದ, ಕೂತ, ಮತ್ತೆ ಎದ್ದ. ಮಧ್ಯಾಹ್ನ ಡಾಕ್ಟರು ಹೇಳಿದ್ದ ಹೊತ್ತಿಗೇ ವಿಶಾಖಾ ತೆಳ್ಳನೆಯ ಗಂಜಿ ತಂದಳು. ಅದನ್ನು ಕುಡಿದರೆ ಕ್ಯಾಮೆರಾದ ಕಣ್ಣು ಮುಚ್ಚೀತೆಂದು ಒಬ್ಬರು, ಕುಡಿಯದಿದ್ದರೆ ಅದು ತೇಲುವುದು ಹೇಗೆಂದು ಇನ್ನೊಬ್ಬರು. ಚಮಚ ಬಾಯಿಗೂ ಬಟ್ಟಲಿಗೂ ನಡುವೆ ತೂಗಾಡಿತು. ಆಗಲೇ ಹೊಟ್ಟೆ ಹಿಂಡತೊಡಗಿತು. ಗಂಟಿನ ನೋವೋ, ಹಸಿವೋ, ಹೆದರಿಕೆಯೋ? ಮಚ್ಛೇಂದ್ರನಿಗೆ ಒಂದೂ ತಿಳಿಯಲಿಲ್ಲ.

ಸಂಜೆ ನಾಲ್ವರೂ ಒಂದೇ ಆಟೊದಲ್ಲಿ ಆಸ್ಪತ್ರೆ ಸೇರಿದರು. ಡಾಕ್ಟರು ಕಂಪ್ಯೂಟರಿನ ಮುಂದೆ ಬಹಳ ಹೊತ್ತು ಕೂತರು. ವಿಶಾಖಾ ಗಂಡನ ಅಂಗೈ ಬಿಗಿಯಾಗಿ ಹಿಡಿದಿದ್ದಳು. ಕೊನೆಗೆ ಡಾಕ್ಟರು ನಕ್ಕರು.

"ಬರೇ ಕೊಬ್ಬಿನ ಗಂಟು. ಕ್ಯಾನ್ಸರ್ ಅಲ್ಲ."

ಬೇಗಂ ಎರಡೂ ಕೈ ಮೇಲೆತ್ತಿದರು. ಸುಶೀಲಕುಮಾರ ಸೀಟಿಯನ್ನೇ ಹೊಡೆದ. ಮಚ್ಛೇಂದ್ರನ ಕಣ್ಣು ತುಂಬಿತು. ಕೈಮುಗಿದು ಎದ್ದ.

"ತಡೀರಿ, ಕುಂದ್ರಿ," ಎಂದರು ಡಾಕ್ಟರು. "ಮಧ್ಯಾಹ್ನ ಎರಡರಿಂದ ಬಂದ ಫೋಟೊ ಎಲ್ಲಾ ಒಂದೇ ಅವ. ಗುಳಿಗಿ ಗಂಟಿನ ಹಿಂದ ಸಿಕ್ಕೊಂಡದ. ಹದಿನೈದು ದಿನ ನೋಡೋಣ. ತಾನಾಗಿ ಹೊರಗ ಬರಲಿಲ್ಲಂದ್ರ ಆಪರೇಷನ್ ಮಾಡಬೇಕಾಗ್ತದ."

ಮಚ್ಛೇಂದ್ರ ಮುಗಿದ ಕೈಯಲ್ಲೇ ಕುಳಿತ. "ಗಂಟು ಕೆಟ್ಟದ್ದಲ್ಲ ಅಂದ್ರಲ್ರಿ?"

"ಗಂಟಿಗಿ ಏನಾಗ್ಯದ್ರಿ? ಅದು ಛಲೋ ಅದ. ತೆಗೀಬೇಕಾಗಿರೋದು ನಮ್ಮ ಕ್ಯಾಮೆರಾ!"