ಎಳೆದು ತಂದು ಕೂರಿಸಿದ ಸಭಾಧ್ಯಕ್ಷ

ಬಹಳ ಹಿಂದೆ, ಅಂದರೆ ಕಳೆದ ಚುನಾವಣೆಗೂ ತುಸು ಹಿಂದೆ, ಭೂಗೋಳದ ಬುಡದಲ್ಲಿ ಅಧೋಮಂಡಲವೆಂಬ ರಾಜ್ಯವಿತ್ತು. ಅಲ್ಲಿ ಮನುಷ್ಯರಿಗಿಂತ ಕುರಿಗಳು ಹೆಚ್ಚು. ಮತ ಹಾಕುವುದು ಕಡ್ಡಾಯ, ಹಾಕದವರಿಗೆ ದಂಡ. ಕೊಟ್ಟ ಮಾತು ಉಳಿಸಿಕೊಳ್ಳುವುದು ಮಾತ್ರ ಐಚ್ಛಿಕ. ಇದು ನಮ್ಮ ಕಡೆಯದೇ ಕಥೆಯೆಂದು ಯಾರಿಗಾದರೂ ಅನ್ನಿಸಿದರೆ ಬರೆದವನು ಹೊಣೆಯಲ್ಲ. ಅಷ್ಟು ಧೈರ್ಯವಿದ್ದಿದ್ದರೆ ಅವನು ಅಧೋಮಂಡಲದವರೆಗೆ ಯಾಕೆ ಹೋಗುತ್ತಿದ್ದ?

ರಾಜಧಾನಿಯಿಂದ ಒಂದು ಹಗಲಿನ ಗಾಡಿದಾರಿ ದೂರದ ಉಣ್ಣೆಪಟ್ಟಣದಲ್ಲಿ ಮೇಷಪಾಲನೆಂಬವನು ಕುರಿ ಹರಾಜು ಕೂಗುತ್ತಿದ್ದ. ಅಬ್ಬಾ, ಅವನ ಗಂಟಲೇ! 'ಒಂದು ಸಲ, ಎರಡು ಸಲ' ಅಂದರೆ ಪಕ್ಕದೂರಿನ ಕುರಿಗಳೂ ಕಿವಿ ನಿಮಿರಿಸುತ್ತಿದ್ದವು. ಊರಿಗೆ ಇದ್ದದ್ದು ಒಂದೇ ಪುಟ್ಟ ಹೆರಿಗೆ ಆಸ್ಪತ್ರೆ. ಅದನ್ನು ಮುಚ್ಚುತ್ತಾರಂತೆ ಎಂಬ ಸುದ್ದಿ ಬಂದದ್ದೇ ತಡ, ನಮ್ಮ ಪರ ಕೂಗಲಿಕ್ಕೆ ಇವನೇ ಸರಿ ಎಂದು ಜನ ಅವನನ್ನು ಆರಿಸಿ ರಾಜಸಭೆಗೆ ಅಟ್ಟಿದರು.

ಮಗಳು ಚಂಪಕ ಬಸುರಿ. "ಅಪ್ಪಾ, ನನ್ನ ದಿನ ತುಂಬೋ ಹೊತ್ತಿಗೆ ಆಸ್ಪತ್ರೆ ಬಾಗಿಲು ತೆಗೆದಿರಬೇಕು ನೋಡು," ಅಂದಳು.

"ತೆಗೆದಿರದಿದ್ದರೆ ನನ್ನ ಹೆಸರು ಮೇಷಪಾಲನೇ ಅಲ್ಲ," ಅಂದ. ಹೀಗೆ ಅಂದವರ ಹೆಸರು ಆಮೇಲೆ ಬದಲಾದದ್ದನ್ನು ಆ ರಾಜ್ಯದಲ್ಲಿ ಯಾರೂ ಕಂಡಿರಲಿಲ್ಲ.

ಮೊದಲ ದಿನವೇ ಅವನು ಕೂಗಿದ ಕೂಗಿಗೆ ಮಂತ್ರಿಮಹೋದಯರು ನಿದ್ದೆಯಿಂದ ಬೆಚ್ಚಿ ಎದ್ದರು. ಮಹಾಮಾತ್ಯ ಸುಮುಖರಾಯ ಯಾರಿಗೂ ಇಲ್ಲವೆಂದವನಲ್ಲ, ಯಾವ ಕೆಲಸವನ್ನೂ ಮಾಡಿದವನಲ್ಲ. ಅವನು ಕೈಮುಗಿದು ಎದ್ದುನಿಂತ. "ಆಹಾ, ಇಂಥ ಕಂಠ ರಾಷ್ಟ್ರದ ಸಂಪತ್ತು! ಸಭಾಧ್ಯಕ್ಷ ಪೀಠಕ್ಕೆ ಇವರಿಗಿಂತ ಯೋಗ್ಯರು ಯಾರಿದ್ದಾರೆ?" ಆ ಪೀಠದಲ್ಲಿ ಕೂತವನು ಯಾರ ಪರವೂ ಮಾತಾಡುವಂತಿಲ್ಲ, ಸ್ವಂತ ಊರಿನ ಪರವಂತೂ ಉಸಿರೆತ್ತುವಂತಿಲ್ಲ.

ಹಿಂದೆ ಆ ಪೀಠದಲ್ಲಿ ಕೂತವರ ತಲೆಯನ್ನು ಅರಸರು ಹಾರಿಸುತ್ತಿದ್ದರಂತೆ. ಹಾಗಾಗಿ ಆಯ್ಕೆಯಾದವನು ಒಲ್ಲೆ ಒಲ್ಲೆ ಎಂದು ನಟಿಸಬೇಕು, ಇಬ್ಬರು ಸದಸ್ಯರು ಅವನನ್ನು ಎಳೆದು ತಂದು ಕೂರಿಸಬೇಕು. ಇದು ಸಂಪ್ರದಾಯ. ಮೇಷಪಾಲ ನಟಿಸಲಿಲ್ಲ, ಕಂಬ ತಬ್ಬಿಕೊಂಡ. "ಬಿಡ್ರಪ್ಪೋ! ನನಗೆ ಪೀಠ ಬೇಡ, ಮಗಳಿಗೆ ಆಸ್ಪತ್ರೆ ಬೇಕು!" ಎಳೆದಾಟದಲ್ಲಿ ಒಂದು ಬೂಟೂ ಕಳಚಿಬಿತ್ತು.

"ಎಂಥ ಸಹಜಾಭಿನಯ!" ಎಂದು ಸದನ ಎದ್ದುನಿಂತು ಚಪ್ಪಾಳೆ ತಟ್ಟಿತು.

ಪೀಠ ಬಲು ಮೆತ್ತಗಿತ್ತು. ಅನಾಹುತವಾದದ್ದು ಅಲ್ಲೇ. ಸಂಜೆ ರೇಷ್ಮೆ ನಿಲುವಂಗಿ, ಬಿಳಿ ಗುಂಗುರು ಕೂದಲಿನ ಟೋಪನ್ ತೊಟ್ಟು ಕನ್ನಡಿ ನೋಡಿಕೊಂಡರೆ ಉಣ್ಣೆ ಕತ್ತರಿಸದ ಟಗರೇ ಎದುರಿಗೆ ನಿಂತ ಹಾಗಿತ್ತು. ಅವನಿಗೆ ನಗು ತಡೆಯಲಾಗಲಿಲ್ಲ. 'ಲೋ ಮೇಷಪಾಲ, ಜನ್ಮವಿಡೀ ಕುರಿ ಮಾರಿದೆ. ಈಗ ನೀನೇ ಬಿಕರಿಯಾದೆಯಲ್ಲೋ, ಅದೂ ಎರಡನೇ ಕೂಗಿಗೇ!' ಚೆನ್ನಾಗಿ ನಕ್ಕ. ಟೋಪನ್ ಮಾತ್ರ ತೆಗೆಯಲಿಲ್ಲ.

ಅಷ್ಟರಲ್ಲಿ 'ಗ್ರಾಮೀಣ ಪ್ರಸೂತಿ ಸೇವೆಗಳ ತರ್ಕಬದ್ಧ ಮರುವಿನ್ಯಾಸ ಮಸೂದೆ' ಬಂತು. ಅಂದರೆ ಆಸ್ಪತ್ರೆಗೆ ಬೀಗ. ಬದಲಿಗೆ ರಾಜಧಾನಿಗೆ ಒಂದು 'ಹೆರಿಗೆ ಹೆದ್ದಾರಿ'. ಮತಗಳು ಸಮಸಮ ಬಿದ್ದವು. ನಿರ್ಣಾಯಕ ಮತ ಸಭಾಧ್ಯಕ್ಷನದು. ಗ್ಯಾಲರಿಯಲ್ಲಿ ಚಂಪಕ ಹೊಟ್ಟೆ ಹಿಡಿದುಕೊಂಡು ಎದ್ದಳು. "ಅಪ್ಪಾ, ಈಗಲಾದರೂ ಬಾಯಿ ಬಿಡು!"

ಸುಮುಖರಾಯ ಪೀಠದ ಬಳಿ ಬಂದು ಪಿಸುಗುಟ್ಟಿದ: "ಪೂಜ್ಯರೇ, ಸ್ವಂತ ಊರಿಗೇ ಮತ ಹಾಕಿಕೊಂಡರೆ ಪಕ್ಷಪಾತ ಅನ್ನೋದಿಲ್ವೇ? ಇತಿಹಾಸ ನೋಡ್ತಾ ಇದೆ."

ಇತಿಹಾಸ ನೋಡುತ್ತಿತ್ತೋ ಇಲ್ಲವೋ, ಮಗಳಂತೂ ನೋಡುತ್ತಿದ್ದಳು. ಮೇಷಪಾಲ ಅವಳತ್ತ ಒಮ್ಮೆ ನೋಡಿದ. ಆದರೆ ನಿಷ್ಪಕ್ಷಪಾತಿ ಅನ್ನಿಸಿಕೊಳ್ಳುವ ಆಸೆ ಮಮತೆಗಿಂತ ದೊಡ್ಡದಾಗಿತ್ತು. "ಮಸೂದೆಯ ಪರ," ಅಂದ. ಎಷ್ಟು ಮೆಲ್ಲಗೆ ಅಂದನೆಂದರೆ ಗುಮಾಸ್ತ ಎರಡನೇ ಸಲ ಕೇಳಬೇಕಾಯಿತು.

ಹೆದ್ದಾರಿ ಬೇಗನೆ ಮುಗಿಯಿತು, ಅದರ ಕೊನೆಗೆ ಟೋಲ್‌ಗೇಟೂ ಎದ್ದಿತು. ತಲೆಗಿಷ್ಟು ಎಂದು ಸುಂಕ. ಗೇಟಿಗೆ 'ಶ್ರೀ ಮೇಷಪಾಲ ಮಹಾದ್ವಾರ' ಎಂದು ಹೆಸರು. ಟೇಪು ಕತ್ತರಿಸಲು ಅವನೇ ಬಂದ. ಮೊದಲು ಬಂದ ಗಾಡಿ ಚಂಪಕಳದು. ಜೊತೆಗೆ ಗಂಡ, ಮತ್ತೆ ಗಾಡಿ ಹೊಡೆಯುವವನೊಬ್ಬ. ಶಾಲಿನೊಳಗೆ ಒಂದು ಕೂಸು.

ಹೊರಡುವಾಗ ಊರಿನಲ್ಲಿ ತಲೆ ಎಣಿಸಿ ಬರೆದುಕೊಟ್ಟಿದ್ದ ಚೀಟಿಯನ್ನು ಗೇಟಿನವನು ನೋಡಿದ. "ಹೊರಟಾಗ ಮೂವರು, ಇಲ್ಲಿ ನಾಲ್ವರಿದ್ದೀರಿ. ದಾರಿಯಲ್ಲಿ ಜನ ಹತ್ತಿಸಿಕೊಂಡಿದ್ದೀರಿ. ದಂಡ ಸೇರಿಸಿ ಕಟ್ಟಿ."

"ಹತ್ತಿಸಿಕೊಂಡಿಲ್ಲ ಕಣಯ್ಯಾ, ಹೆತ್ತಿದ್ದೀನಿ! ನಿಮ್ಮ ಹೆದ್ದಾರಿಯಲ್ಲಿ, ಬಿಸಿಲಲ್ಲಿ!" ಚಂಪಕಳ ದನಿ ಬಿದ್ದುಹೋಗಿತ್ತು. "ಅಪ್ಪಾ, ನೀನೇ ಹೇಳು ಇವರಿಗೆ."

ಮೇಷಪಾಲ ಕೂಸಿನ ನೆತ್ತಿ ನೋಡಿದ. ರಸ್ತೆಯ ಕೆಂಧೂಳು ಅಲ್ಲಿಗೂ ಮೆತ್ತಿತ್ತು. ಬಾಯಿ ತೆರೆದ, ಸುತ್ತಲಿದ್ದ ಮಂತ್ರಿಗಳೆಲ್ಲ ಅವನ ಕಡೆ ತಿರುಗಿದರು.

"ನಿಯಮ ಎಲ್ಲರಿಗೂ ಒಂದೇ, ಮಗಳೇ," ಅಂದ.

ಅಳಿಯ ಹಣ ಕಟ್ಟಿದ. ಸುಮುಖರಾಯ ಕಣ್ಣೊರೆಸಿಕೊಂಡು ತನ್ನ ಕೊರಳ ಹಾರವನ್ನು ಮೇಷಪಾಲನಿಗೆ ಹಾಕಿದ. "ಸ್ವಂತ ಮೊಮ್ಮಗುವಿಗೂ ವಿನಾಯಿತಿ ಕೊಡದ ಧರ್ಮಾತ್ಮ! ಇವರೇ ನಮ್ಮ ಮುಂದಿನ ರಾಜಪ್ರತಿನಿಧಿ!" ಚಪ್ಪಾಳೆಯೋ ಚಪ್ಪಾಳೆ. ಮಗಳು ತಿರುಗಿಯೂ ನೋಡದೆ ಹೊರಟುಹೋದಳು. ಹಿಂದೆ ಉಣ್ಣೆಪಟ್ಟಣದ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಒಂದೊಂದರಲ್ಲೂ ಚೀಟಿಗಿಂತ ಒಂದು ತಲೆ ಹೆಚ್ಚು.