ಮಲ್ಲಿಗೆ ಮುಡಿದ ನಾಯಿಗಳು

ಆಗ ನನಗೆ ಎಪ್ಪತ್ತೊಂದು. ಇದು ಮೂರು ವರ್ಷದ ಹಿಂದಿನ ಮಾತು. ಆ ಪ್ರಾಯದಲ್ಲಿ ಕಣ್ಣು, ಕಿವಿ, ಮಂಡಿ ಎಲ್ಲ ಒಂದೊಂದಾಗಿ ಕೈಕೊಡುತ್ತವೆ ಎಂದು ಗೊತ್ತಿತ್ತು. ಮೂಗೂ ಆ ಸಾಲಿನಲ್ಲಿ ನಿಂತಿದೆ ಎಂದು ಯಾರೂ ಹೇಳಿರಲಿಲ್ಲ. ಹಾಗಾಗಿ ಮಗಳು ಶೋಭಾ ದಿನಾ ಆಫೀಸಿನಿಂದ ಬಂದು ಬಾಗಿಲಲ್ಲೇ ಶಾಲಿನಿಂದ ಮೂಗು ಮುಚ್ಚಿಕೊಂಡಾಗ, ಇದು ಓದಿದವರ ಶೋಕಿ ಎಂದೇ ತಿಳಿದಿದ್ದೆ.

ದರ್ಬೆಯ ನಮ್ಮ ಮನೆಯಲ್ಲಿ ನಾನು, ಮಗಳು, ಅಳಿಯ, ಮತ್ತೆ ಎರಡು ನಾಯಿಗಳು, ಟೈಗರ್ ಮತ್ತು ಬೊಳ್ಳಿ. ಹೆಸರು ಕೇಳಿ ಹೆದರಬೇಡಿ. ಟೈಗರ್ ಬೆಕ್ಕು ಕಂಡರೆ ನನ್ನ ಸೀರೆಯ ಹಿಂದೆ ಅಡಗುವವನು. ನನಗೆ ನಾಯಿಗಳ ಮೇಲೆ ಪ್ರೀತಿ ಗೀತಿ ಏನೂ ಇಲ್ಲ. ನಾಯಿ ಎಂದರೆ ನಾಯಿ. ಆದರೆ ರಾತ್ರಿ ಎರಡೂ ನನ್ನ ಕಾಲಿನ ಹತ್ತಿರ ಬಿದ್ದುಕೊಂಡರೆ ಪಾದ ಬೆಚ್ಚಗಿರುತ್ತದೆ, ಮಂಡಿ ನೋವು ಅರ್ಧ ಇಳಿಯುತ್ತದೆ. ಡಾಕ್ಟರು ಕೊಟ್ಟ ಎಣ್ಣೆಗೆ ಆ ಗುಣ ಇಲ್ಲ. ಆದ್ದರಿಂದ ಆ ವಾರ ಶೋಭಾ ಕೊಟ್ಟ ತೀರ್ಪು ನನ್ನ ಮಂಡಿಗೇ ಕೊಟ್ಟ ಹಾಗಾಯಿತು.

"ಅಮ್ಮ, ಮನೆಯಿಡೀ ನಾಯಿ ವಾಸನೆ. ಆದಿತ್ಯವಾರ ಸುಳ್ಯದಿಂದ ವಿಮಲತ್ತಿಗೆ ಬರ್ತಾರೆ. ಅಷ್ಟರೊಳಗೆ ವಾಸನೆ ಹೋಗದಿದ್ರೆ ಎರಡೂ ಹೊರಗೆ. ಅಂಗಳಕ್ಕೆ ನಾಯಿಗೂಡು ಮಾಡ್ಲಿಕ್ಕೆ ಹೇಳಿ ಆಯ್ತು."

"ನಿನ್ನ ಅತ್ತಿಗೆ ನಮ್ಮನ್ನು ನೋಡ್ಲಿಕ್ಕೆ ಬರುದಾ, ಮೂಸ್ಲಿಕ್ಕೆ ಬರುದಾ?" ಎಂದೆ. ಮರುದಿನ ಅಂಗಳಕ್ಕೆ ಕಬ್ಬಿಣದ ಗೂಡು ಬಂದೇ ಬಿಟ್ಟಿತು, ಮೇಲೆ ಶೀಟಿನ ಮಾಡು, ಮುಂದೆ ಚಿಲಕ, ಎಲ್ಲ ಉಂಟು. ಟೈಗರ್ ಅದನ್ನು ಕಂಡು ಬೊಗಳಲೂ ಇಲ್ಲ, ಒಳಗೆ ಓಡಿ ಬಂದ.

ನಾನು ಸೆರಗು ಕಟ್ಟಿದೆ. ಅಳಿಯ ಪೇಟೆಯಿಂದ ಪರಿಮಳ ಹಾರಿಸುವ ಒಂದು ಡಬ್ಬಿ ತಂದ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಅದರ ಮೇಲೆ ಇಂಗ್ಲಿಷಿನಲ್ಲಿ ಬರೆದದ್ದು ಓದಲು ಬರುವುದಿಲ್ಲ. ಹೂವಿನ ಚಿತ್ರ ಇತ್ತು, ಒತ್ತಿದೆ. ಶೋಭಾ ಬಂದು ಮೂಗು ಅರಳಿಸಿ, "ಈಗ ಮಲ್ಲಿಗೆ ಮುಡಿದ ನಾಯಿಯ ವಾಸನೆ," ಎಂದಳು. ಮೊಬೈಲಿನಲ್ಲಿ ನೋಡಿ ಹಾಸಿಗೆಗೆಲ್ಲ ಸೋಡಾ ಹುಡಿ ಉದುರಿಸಿದಳು. ಆ ರಾತ್ರಿ ನಾನು ಇಡ್ಲಿ ಹಿಟ್ಟಿನ ಹಾಗೆ ಉಬ್ಬುತ್ತೇನೋ ಎಂದು ಹೆದರುತ್ತಾ ಮಲಗಿದೆ. ಸಾಂಬ್ರಾಣಿ ಹಾಕಿದರೆ ನಾಯಿಗಳೂ ಅಳಿಯನೂ ಒಟ್ಟಿಗೆ ಸೀನಿದರು. ಕಡೆಗೆ ಅಂಟುವಾಳ ಜಜ್ಜಿ, ಕಹಿಬೇವಿನ ಸೊಪ್ಪು ಕುದಿಸಿ, ಎರಡಕ್ಕೂ ತಿಕ್ಕಿ ತಿಕ್ಕಿ ಮೀಯಿಸಿದೆ. ನನ್ನ ಮಕ್ಕಳಿಗೂ ಅಂಥ ಸ್ನಾನ ಮಾಡಿಸಿದವಳಲ್ಲ. ಆದರೆ ಸಂಜೆಗೆ ಮತ್ತದೇ ವಾಸನೆ. ತೊಳೆದಷ್ಟೂ ನಾರುವ ನಾಯಿಯನ್ನು ಲೋಕದಲ್ಲಿ ನಾನೊಬ್ಬಳೇ ಸಾಕಿರಬೇಕು.

ಸೋತು ಮಂಚದ ಮೇಲೆ ಕೂತರೆ ನನ್ನ ಕೈ ತಾನಾಗಿ ಮಂಚದ ಅಡಿಗೆ ಹೋಗುತ್ತದೆ. ಅಲ್ಲಿ ನನ್ನ ನೀರಡಿಕೆಯ ಮಡಕೆ, ಬಾಯಾರಿಕೆಯದ್ದಲ್ಲ, ನೀರಲ್ಲಿ ನೆನೆಸಿದ ಅಡಿಕೆಯದ್ದು. ಕೆದಂಬಾಡಿಯ ತಮ್ಮ ಹಣ್ಣಡಿಕೆ ಕಳುಹಿಸುತ್ತಾನೆ. ಸಿಪ್ಪೆ ಸಮೇತ ನೀರಲ್ಲಿ ತಿಂಗಳುಗಟ್ಟಲೆ ಮುಳುಗಿಸಿಟ್ಟರೆ ಮೆತ್ತಗಾಗುತ್ತದೆ. ಹಲ್ಲು ಬಿದ್ದವರಿಗೆ ಅದೇ ಸ್ವರ್ಗ. ಮಡಕೆ ಹಿತ್ತಿಲಲ್ಲೇ ಇರಬೇಕಾದದ್ದು, ಆದರೆ ಅಲ್ಲಿವರೆಗೆ ಹೋಗಲು ಮಂಡಿ ಕೇಳಬೇಕಲ್ಲ. ಮಡಕೆ ಸ್ವಲ್ಪ ಒಸರುತ್ತಿತ್ತು, ಅಡಿಗೆ ಒಂದು ಗೋಣಿ ಹಾಸಿದ್ದೆ. ಒಂದು ಎಲೆ, ಒಂದು ಹೋಳು ಬಾಯಿಗೆ ಹಾಕಿದೆ, ಚಿಂತೆ ಸ್ವಲ್ಪ ಕರಗಿತು.

ಆದಿತ್ಯವಾರ ಬೆಳಿಗ್ಗೆ ಮತ್ತೊಮ್ಮೆ ಮೀಯಿಸಿದೆ. ವಿಮಲ ಬಂದಳು. ಅಳಿಯನ ಅಕ್ಕ, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು, ಇಸ್ತ್ರಿ ಸೀರೆ, ಮೊನಚು ಮೂಗು. ಚಾವಡಿಯಲ್ಲಿ ಕೂತು, "ಮನೆ ಒಳ್ಳೆ ಘಮಘಮ ಉಂಟಲ್ಲ ಶೋಭಾ," ಎಂದಳು. ನಾನು ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಬೊಳ್ಳಿ ನನ್ನ ಕೋಣೆಯಿಂದ ಒದ್ದೆ ಬೆನ್ನು ಕುಣಿಸುತ್ತಾ ಬಂದು ಅವಳ ಮಡಿಲಲ್ಲಿ ತಲೆ ಇಟ್ಟಿತು. ಶೋಭಾ ಕಣ್ಣು ಮುಚ್ಚಿದಳು. ನನ್ನ ಪಾದ ಆಗಲೇ ತಣ್ಣಗಾಯಿತು.

ವಿಮಲ ಒಮ್ಮೆ ಮೂಸಿದಳು. ಮತ್ತೊಮ್ಮೆ ಮೂಸಿದಳು. "ಇದು ನಾಯಿ ವಾಸನೆ ಅಲ್ಲ ಮಾರಾಯ್ತಿ. ನನ್ನ ಅತ್ತೆ ಬಾಯಿ ತೆರೆದ್ರೆ ಇದೇ ಬರ್ತಿತ್ತು. ನೀರಡಿಕೆ!"

ಶೋಭಾ ಎದ್ದವಳೇ ನನ್ನ ಕೋಣೆಗೆ ನುಗ್ಗಿ ಮಂಚದ ಅಡಿ ಬಗ್ಗಿದಳು. ಅಲ್ಲಿ ಟೈಗರ್, ಈಗಷ್ಟೇ ಮಿಂದು ಬಂದವನು, ನಾಲ್ಕೂ ಕಾಲು ಮೇಲೆ ಮಾಡಿ ಆ ಗೋಣಿಯ ಮೇಲೆ ಹೊರಳಾಡುತ್ತಿದ್ದ. ಅಂಟುವಾಳದ ಪರಿಮಳ ಅವನಿಗೆ ಹಿಡಿಸಿರಲಿಲ್ಲ. ನಾನು ಮೀಯಿಸಿದಾಗಲೆಲ್ಲ ಇಬ್ಬರೂ ಓಡಿ ಬಂದು ಇಲ್ಲಿ ಅತ್ತರು ಹಚ್ಚಿಕೊಳ್ಳುತ್ತಿದ್ದರು.

"ಎಂತ ಅಮ್ಮ ಇದು?"

"ನನಗೆಂತ ಗೊತ್ತು? ನನಗೆ ವಾಸನೆಯೇ ಬರುದಿಲ್ಲ."

"ಕಟ್ಟಿಸಿದ ಗೂಡು ಖಾಲಿ ಬಿಡ್ಲಿಕ್ಕಿಲ್ಲ," ಎಂದಳು ಮಗಳು, ನನ್ನನ್ನೇ ನೋಡುತ್ತಾ. ಅಳಿಯ ನಗು ತಡೆಯಲಾಗದೆ ಅಂಗಳಕ್ಕೆ ಹೋದ. ವಿಮಲ ಮಾತ್ರ ನನ್ನ ಹತ್ತಿರ ಸರಿದು, "ನಿಮ್ಮಲ್ಲಿ ವೀಳ್ಯದೆಲೆ ಉಂಟಾ ಅಮ್ಮ?" ಎಂದು ಪಿಸುಗುಟ್ಟಿದಳು. "ಅತ್ತೆ ಹೋದ ಮೇಲೆ ನೀರಡಿಕೆಯ ರುಚಿ ನೋಡಿಲ್ಲ. ನಮ್ಮ ಮನೆಯಲ್ಲಿ ಸೊಸೆ ಬಿಡುದಿಲ್ಲ."

ಆ ರಾತ್ರಿ ನಾಯಿಗಳು ನನ್ನ ಕಾಲಿನ ಹತ್ತಿರವೇ ಮಲಗಿದವು. ಮರುದಿನ ಬೆಳಿಗ್ಗೆ ನಾನು ಮಡಕೆಯನ್ನು ಗೂಡಿನೊಳಗೆ ಇಟ್ಟು, ಗೋಣಿಯನ್ನು ಒಗೆದು ಅದರ ಮಾಡಿನ ಮೇಲೆ ಒಣಗಲು ಹಾಕಿ, ರಾತ್ರಿ ನಮ್ಮಲ್ಲೇ ಉಳಿದಿದ್ದ ವಿಮಲಳ ಜೊತೆ ಗೂಡಿನ ಬಾಗಿಲಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡೆ; ಚಾವಡಿಯ ಕಿಟಕಿಯಿಂದ ಟೈಗರ್ ಮತ್ತು ಬೊಳ್ಳಿ ನಮ್ಮಿಬ್ಬರನ್ನು ನೋಡಿ ಬೊಗಳಿದವು.