ಹಳೆಯ ಲ್ಯಾಪ್‌ಟಾಪಿನಲ್ಲಿ ಅಕ್ಕನ ಮನೆ

ಪೂರ್ತಿ ಕೆಟ್ಟುಹೋದ ವಸ್ತುವನ್ನು ಎಸೆಯುವುದು ಸುಲಭ. ಸರಿಯಾಗಿ ನಡೆಯುವುದೂ ಇಲ್ಲ, ನಡೆಯುವುದನ್ನು ನಿಲ್ಲಿಸುವುದೂ ಇಲ್ಲ ಎಂಬಂಥ ವಸ್ತುವಿನದೇ ತಾಪತ್ರಯ. ನಮ್ಮ ಮನೆಯಲ್ಲಿ ಅಂಥವು ಮೂರಿವೆ. ಒಂದು ಮಿಕ್ಸರ್, ಇನ್ನೊಂದು ನನ್ನ ಲ್ಯಾಪ್‌ಟಾಪ್, ಮೂರನೆಯದು ನಾನು ಎಂದು ನನ್ನ ಹೆಂಡತಿ ಶಾಂತಾ ಬಂದವರ ಮುಂದೆಲ್ಲ ಹೇಳುತ್ತಾಳೆ. ಮಿಕ್ಸರಿಗೆ ತಲೆಯ ಮೇಲೊಂದು ಕೊಟ್ಟರೆ ತಿರುಗುತ್ತದೆ. ನನ್ನ ಮೇಲೆ ಆ ಪ್ರಯೋಗ ಇನ್ನೂ ಆಗಿಲ್ಲ. ಲ್ಯಾಪ್‌ಟಾಪಿಗೆ ಹನ್ನೊಂದು ವರ್ಷ. ಅದರ ಕೀಲು ಮುರಿದು ಬಹಳ ದಿನಗಳಾದವು, ಪರದೆ ಈಗ ಅವಲಕ್ಕಿ ಡಬ್ಬಿಗೆ ಒರಗಿ ನಿಲ್ಲುತ್ತದೆ. ಡಬ್ಬಿ ಹಗುರವಾದರೆ ಪರದೆ ಹಿಂದಕ್ಕೆ ಮಗುಚಿಕೊಳ್ಳುವುದರಿಂದ ನಮ್ಮ ಮನೆಯಲ್ಲಿ ಅವಲಕ್ಕಿ ಖಾಲಿಯಾಗುವಂತಿಲ್ಲ. ಒಮ್ಮೆ ನೆಂಟರು ಬಂದಾಗ ಶಾಂತಾ ಆ ಡಬ್ಬಿಯಿಂದಲೇ ಅವಲಕ್ಕಿ ಒಗ್ಗರಣೆ ಹಾಕಿ ಕೊಟ್ಟಳು. ಆ ದಿನ ನಾನು ಮಧ್ಯಾಹ್ನದವರೆಗೆ ಕೆಲಸವಿಲ್ಲದೆ ಕೂತಿದ್ದೆ.

ನನ್ನ ಕೆಲಸವೆಂದರೆ ಕಟ್ಟುವ ಮನೆಗಳ ನಕ್ಷೆ ಬರೆದು ಕೊಡುವುದು. ನಾವಿರುವುದು ವಿಜಯಪುರದ ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ. ಇಲ್ಲಿ ಮೂವತ್ತು ನಲವತ್ತರ ಸೈಟುಗಳೆಲ್ಲ ಒಂದೇ ತಾಯಿಯ ಮಕ್ಕಳಂತೆ ಸಾಲಾಗಿ ಕೂತಿರುತ್ತವೆ. ಒಂದನ್ನು ನೋಡಿದರೆ ಎಲ್ಲವನ್ನೂ ನೋಡಿದ ಹಾಗೆ. ಹೀಗಾಗಿ ಜಾಗಕ್ಕೆ ಹೋಗಿ ನೋಡಿ ಬರುವ ಪದ್ಧತಿಯನ್ನು ನಾನು ಬಿಟ್ಟುಬಿಟ್ಟೆ. ಫೋನಿನಲ್ಲೇ ಐದು ಪ್ರಶ್ನೆ ಕೇಳುತ್ತೇನೆ: ಉದ್ದ ಎಷ್ಟು, ಅಗಲ ಎಷ್ಟು, ಬಾಗಿಲು ಯಾವ ದಿಕ್ಕಿಗೆ, ಎಡಕ್ಕೆ ಏನಿದೆ, ಬಲಕ್ಕೆ ಏನಿದೆ. ಇಷ್ಟು ತಿಳಿದರೆ ಸಂಜೆಯೊಳಗೆ ಮನೆ ಸಿದ್ಧ. ಡಾಕ್ಟರು ಕೈ ಮುಟ್ಟಿ ನೋಡದೆ ಗುಳಿಗೆ ಬರೆದುಕೊಟ್ಟರೆ ಜಗಳಕ್ಕೆ ಹೋಗುವವನೂ ನಾನೇ. ಆದರೆ ಅದು ಬೇರೆ ವಿಷಯ ಎಂದುಕೊಂಡಿದ್ದೆ.

ಬಬಲೇಶ್ವರದಲ್ಲಿ ನನ್ನ ಅಕ್ಕ ಕಾಶವ್ವ ಇದ್ದಾಳೆ. ಕುರಿ ಸಾಕುವ ಮನೆತನ. ಊರ ಅಂಚಿನ ತಮ್ಮ ಜಾಗದಲ್ಲಿ ಇಷ್ಟು ವರ್ಷ ತಗಡಿನ ಮನೆಯಲ್ಲಿದ್ದವರು ಈಗ ಅದೇ ಜಾಗದಲ್ಲಿ ಪಕ್ಕಾ ಮನೆ ಕಟ್ಟಲು ಹೊರಟಿದ್ದರು. ಸೋಮವಾರ ಪಾಯಾ ಪೂಜೆ ಎಂದು ಗೋಡೆ ಕಟ್ಟುವ ಗೌಂಡಿಗೆ ಹೇಳಿಯೂ ಆಗಿತ್ತು. ನಕ್ಷೆ ಬರೆಯಲು ತಮ್ಮನಿರುವಾಗ ಬೇರೆಯವರನ್ನು ಕೇಳುವ ಪ್ರಶ್ನೆಯೇ ಇಲ್ಲ. ಅಕ್ಕ ದೊಡ್ಡ ಮನೆ ಕೇಳಲಿಲ್ಲ, ಚೆಂದದ ಮನೆಯನ್ನೂ ಕೇಳಲಿಲ್ಲ. ಅವಳು ಕೇಳಿದ್ದು ಒಂದು ಕಿಟಕಿ.

"ಹೋದ ವರ್ಷ ನಾ ಒಲಿ ಮುಂದ ಕುಂತಾಗ ನಾಯಿ ಹಟ್ಟಿ ಹೊಕ್ಕು ಮೂರು ಮರಿ ಹರದು ಹಾಕಿದ್ವು. ಒದರಾಡೂದು ಕೇಳಿ ಓಡಿ ಹೋಗೂದ್ರಾಗ ಮುಗದಿತ್ತು. ರೊಟ್ಟಿ ಬಡಿಯಾಗ ತಲಿ ಎತ್ತಿದ್ರ ನನಗ ಕುರಿ ಹಟ್ಟಿ ಕಾಣಬೇಕ, ತಮ್ಮಾ. ಅಷ್ಟು ಮಾಡಿಕೊಡು, ಉಳದದ್ದು ನೀ ಹೆಂಗ ಅಂತಿ ಹಂಗ," ಎಂದಳು ಫೋನಿನಲ್ಲಿ.

ನಾನು ವಾಡಿಕೆಯ ಐದು ಪ್ರಶ್ನೆ ಕೇಳಿದೆ. ಬಾಗಿಲು ಉತ್ತರಕ್ಕೆ, ಮುಂದೆ ರಸ್ತೆ. ಬಲಕ್ಕೆ ಬೇವಿನ ಗಿಡ, ಅದರ ಬುಡದಲ್ಲಿ ಕುರಿ ಹಟ್ಟಿ. ಎಡಕ್ಕೆ ನೆರೆಯವರ ಬಚ್ಚಲ ಗೋಡೆ. ಸಂಜೆಯೊಳಗೆ ನಕ್ಷೆ ಬರೆದು ಅವಳ ಫೋನಿಗೆ ಕಳಿಸಿದೆ. ಮರುದಿನ ಬೆಳಿಗ್ಗೆಯೇ ಕರೆ ಬಂತು.

"ತಮ್ಮಾ, ಇದರಾಗ ಮನಿ ಎಲ್ಲೈತಿ? ನನಗ ಬರೇ ಗೆರಿ ಕಾಣಾಕತ್ತಾವ."

"ಆ ಗೆರಿನ ಮನಿ ಅಕ್ಕಾ. ಮೂಲ್ಯಾಗ ನೋಡು, ಅಡಗಿ ಮನಿ ಐತಿ, ಕಿಡಕಿ ಸೈತ ಇಟ್ಟೀನಿ."

"ಗೆರ್ಯಾಗ ಕುಂತು ರೊಟ್ಟಿ ಬಡಿಯಾಕ ಬರತೈತೇನು? ನಾ ಒಳಗ ಹೊಕ್ಕು, ಆ ಕಿಡಕಿಯಿಂದ ಹಣಿಕಿ ಹಾಕಿ ನೋಡಬೇಕ. ನೋಡೂ ಮಟ ಪಾಯಾ ತಗ್ಯಾಕ ಬಿಡೂದಿಲ್ಲ."

ಒಳಗೆ ಹೊಕ್ಕು ನೋಡುವ ಮನೆಗೆ ನಮ್ಮ ಕಸುಬಿನಲ್ಲಿ ತ್ರೀಡಿ ಎನ್ನುತ್ತಾರೆ. ಟಿವಿಯಲ್ಲಿ ತೋರಿಸುವ ಹಾಗೆ ಬಾಗಿಲು ತೆರೆದು ಒಳಗೆ ನಡೆಯಬಹುದು, ಗಿಡ ನೆಡಬಹುದು, ಬೆಳಗಿನ ಆರು ಗಂಟೆಯ ಬಿಸಿಲನ್ನು ಬೇಕಾದ ಕಡೆ ಬೀಳಿಸಬಹುದು. ನನ್ನ ಲ್ಯಾಪ್‌ಟಾಪಿಗೆ ಅದನ್ನು ತೋರಿಸಿದೆ. ಅದು ಬೆಳಗಿನ ಚಹಾಕ್ಕೆ ಹೊಸ್ತಿಲು ದಾಟಿ, ಸಂಜೆಯ ಚಹಾದ ಹೊತ್ತಿಗೆ ಪಡಸಾಲೆಯ ನಡುವೆ ನಿಂತು, ಅಲ್ಲೇ ಬಿಸಿಯಾಗಿ ಕಣ್ಣು ಮುಚ್ಚಿತು. ಮುಟ್ಟಿದರೆ ಅದರ ಮೇಲೆಯೇ ರೊಟ್ಟಿ ಬೇಯಿಸುವಷ್ಟು ಕಾವಿತ್ತು.

ಸ್ಟೇಷನ್ ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ರಫೀಕ್ ಭಾಯಿಯ ಬಳಿಗೆ ಹೋದೆ. ಅವರು ಲ್ಯಾಪ್‌ಟಾಪನ್ನು ಬೋರಲು ಹಾಕಿ, ತಿರುಪು ಬಿಚ್ಚಿ, ಒಳಗಿನ ಧೂಳು ನೋಡಿ, "ಸಾಹೇಬ್ರ, ಹೊಸಾದು ತಗೋರಿ," ಎಂದರು.

"ಇನ್ನೂ ನಡೀತೈತಲ್ಲ ಭಾಯಿ."

"ನಡ್ಯಾಕ ನಡೀತೈತ್ರಿ. ಮುದುಕ ಮನಿಯಿಂದ ಕಟ್ಟಿ ಮಟ ನಡದಂಗ." ನನ್ನ ಮುಖ ನೋಡಿ ಕನಿಕರ ಬಂದಿರಬೇಕು, ಒಂದು ಉಪಾಯ ಹೇಳಿದರು. ಚಿತ್ರ ಮೂಡಿಸುವುದಕ್ಕೆಂದೇ ಗ್ರಾಫಿಕ್ಸ್ ಕಾರ್ಡ್ ಎಂಬ ದೊಡ್ಡ ಹಲಗೆ ಇರುತ್ತದೆ. ಅದು ದೊಡ್ಡ ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರುವಂಥದ್ದು, ಲ್ಯಾಪ್‌ಟಾಪಿನೊಳಗೆ ಹಿಡಿಯುವುದಿಲ್ಲ. ಆದರೆ ಹೊರಗೇ ಕೂರಿಸಿ, ಒಳಗೆ ವೈಫೈ ಹಿಡಿಯುವ ಚೀಟಿಯಂಥ ಚಿಕ್ಕ ಬಿಲ್ಲೆಯನ್ನು ಕಿತ್ತು, ಆ ಜಾಗದಿಂದ ವೈರು ಎಳೆದು ಜೋಡಿಸಬಹುದು. ಜೋಡಿಸುವ ಚಿಕ್ಕ ಹಲಗೆಯನ್ನು ಅವರೇ ತರಿಸಿಕೊಟ್ಟರು. "ನಾ ಮಾತ್ರ ಕೈ ಹಚ್ಚೂದಿಲ್ರಿ. ಕೆಟ್ರ ರಫೀಕ್ ಭಾಯಿ ಕೆಡಿಸಿದಾ ಅಂತಾರ. ನೀವ ಮಾಡ್ಕೋರಿ," ಎಂದರು.

ಕಾರ್ಡು ಸಿಕ್ಕಿದ್ದು ತಿಕೋಟದಲ್ಲಿ. ನನ್ನ ಜೊತೆ ಕಲಿತ ಶ್ರೀಶೈಲ ಒಂದು ಕಾಲದಲ್ಲಿ ದೊಡ್ಡ ಕಂಪ್ಯೂಟರಿಟ್ಟುಕೊಂಡು ಮದುವೆಯ ವಿಡಿಯೋಗಳಿಗೆ ಮಿಕ್ಸಿಂಗ್ ಮಾಡುತ್ತಿದ್ದ. ಅವನ ಕೈಗೆ ಸಿಕ್ಕ ಮದುಮಕ್ಕಳೆಲ್ಲ ತಾವರೆಯೊಳಗಿಂದ ಎದ್ದು ಮೋಡದ ಮೇಲೆ ನಡೆಯುತ್ತಿದ್ದರು. ಈಗ ಅದನ್ನೆಲ್ಲ ಬಿಟ್ಟು ದ್ರಾಕ್ಷಿ ತೋಟಕ್ಕೆ ಹೊಡೆಯುವ ಔಷಧದ ಅಂಗಡಿ ಇಟ್ಟಿದ್ದಾನೆ. ಅಟ್ಟದ ಮೇಲೆ ಒಣದ್ರಾಕ್ಷಿಯ ಚೀಲಗಳ ಹಿಂದಿನಿಂದ ಅವನು ಇಳಿಸಿಕೊಟ್ಟ ಕಾರ್ಡು ಇಟ್ಟಿಗೆಯಷ್ಟು ದೊಡ್ಡದಿತ್ತು. ಎರಡು ಫ್ಯಾನು, ಒಂದರಲ್ಲಿ ಒಣದ್ರಾಕ್ಷಿ ಸಿಕ್ಕಿಕೊಂಡಿತ್ತು. ಮನೆಗೆ ತಂದು ನೋಡಿದರೆ ಅದಕ್ಕೆ ಕರೆಂಟು ಕೊಡುವ ಬೇರೆ ವೈರು ಬೇಕು. ಮತ್ತೆ ತಿಕೋಟಕ್ಕೆ ಹೋದೆ. ವೈರು ತಂದರೆ ಅದನ್ನು ಸಿಕ್ಕಿಸಲು ಪವರ್ ಡಬ್ಬಿ ಬೇಕು. ಮೂರನೆಯ ಸಲ ಹೋದೆ. ನಮ್ಮ ಮನೆಯ ಮುಂದಿನ ರಸ್ತೆ ನೆಟ್ಟಗೆ ತಿಕೋಟಕ್ಕೇ ಹೋಗುವುದರಿಂದ ಹೋಗುವುದು ಬರುವುದು ನನಗೆ ಭಾರವೆನಿಸಲಿಲ್ಲ. ಶ್ರೀಶೈಲ ಪ್ರತಿ ಸಲವೂ ಒಂದೊಂದು ಪೊಟ್ಟಣ ಒಣದ್ರಾಕ್ಷಿ ಕೊಟ್ಟ. ಶಾಂತಾ ಅದನ್ನು ಅವಲಕ್ಕಿ ಡಬ್ಬಿಯ ಪಕ್ಕ ಇಟ್ಟಳು, ಪರದೆಗೆ ಇನ್ನಷ್ಟು ಆಧಾರವಾಯಿತು.

ಜೋಡಣೆಗೆ ಪಡಸಾಲೆಯ ಟಿವಿ ಮೇಜೇ ಬೇಕಾಯಿತು. ಏಕೆಂದರೆ ಕಾರ್ಡಿನಿಂದ ಹೊರಡುವ ಚಿತ್ರವನ್ನು ಟಿವಿಗೇ ಕೊಡಬೇಕು. ಬೆನ್ನು ಬಿಚ್ಚಿದ ಲ್ಯಾಪ್‌ಟಾಪು, ಅದರ ಹೊಟ್ಟೆಯಿಂದ ಹೊರಬಂದ ವೈರು, ಹಲಗೆಯ ಮೇಲೆ ನೆಟ್ಟಗೆ ನಿಂತ ಕಾರ್ಡು, ಗುಂಯ್ಗುಡುವ ಪವರ್ ಡಬ್ಬಿ. ಶಾಂತಾ ಒಮ್ಮೆ ಬಂದು ನೋಡಿ, "ಇದನ್ನ ಮುಚ್ಚಾಕ ಒಂದು ತಾಟು ಕೊಡ್ಲೇನ್ರಿ?" ಎಂದಳು. ಇನ್ನು ಕಾರ್ಡಿಗೆ ಡ್ರೈವರ್ ಎಂಬ ತಂತ್ರಾಂಶ ಹಾಕಬೇಕು. ಅದು ಇಂಟರ್ನೆಟ್ಟಿನಲ್ಲಿದೆ. ಇಂಟರ್ನೆಟ್ಟಿಗೆ ವೈಫೈ ಬೇಕು. ವೈಫೈ ಚೀಟಿಯನ್ನು ಕಿತ್ತು ಕಿಸೆಯಲ್ಲಿಟ್ಟುಕೊಂಡವನು ನಾನೇ. ಕೊನೆಗೆ ಶಾಂತಾಳ ಫೋನನ್ನು ವೈರಿನಿಂದ ಲ್ಯಾಪ್‌ಟಾಪಿಗೆ ಕಟ್ಟಿ ಅದರ ನೆಟ್ಟು ಎಳೆದೆ. ಅವಳ ತವರಿನ ಕರೆಗಳೆಲ್ಲ ಟಿವಿ ಮೇಜಿನ ಮೇಲೆ ಬಂದು ಬಂದು ನಿಂತವು.

ಡ್ರೈವರ್ ಹಾಕಿದ ಮೇಲೆ ಲ್ಯಾಪ್‌ಟಾಪು ಒಂದು ಸೂಚನೆ ಕೊಟ್ಟಿತು: ಈ ಸಾಧನವನ್ನು ನಡೆಸುವಷ್ಟು ಸಂಪನ್ಮೂಲ ನಿಮ್ಮಲ್ಲಿಲ್ಲ. ಹೆಣ್ಣು ಕೇಳಲು ಹೋದಾಗ ನನ್ನ ಮಾವನವರು ಇದೇ ಮಾತನ್ನು ಇನ್ನೂ ಮರ್ಯಾದೆಯಿಂದ ಹೇಳಿದ್ದರು. ರಫೀಕ್ ಭಾಯಿಗೆ ಫೋನು ಮಾಡಿದೆ. "ಒಳಗ ಮೆಮೊರಿ ಪಟ್ಟಿ ಎರಡು ಅದಾವಲ್ರಿ, ಒಂದು ತಗದು ಬಿಡ್ರಿ," ಎಂದರು. ಹೆಚ್ಚು ಕೆಲಸ ಮಾಡಲಿ ಎಂದು ಅರ್ಧ ನೆನಪನ್ನು ಕಿತ್ತು ಹಾಕುವುದು ಎಲ್ಲಿಯ ನ್ಯಾಯ ಎಂದು ಕೇಳಿದೆ. "ಹಳೇವಕ್ಕ ಹಂಗ್ರಿ. ಎಲ್ಲಾ ನೆನಪ ಇಟ್ಕೊಂಡ್ರ ಹೊಸಾದು ಒಳಗ ಬರೂದಿಲ್ಲ," ಎಂದು ಫೋನಿಟ್ಟರು. ಪಟ್ಟಿ ತೆಗೆದೆ. ಎರಡೂ ಫ್ಯಾನು ತಿರುಗಿದವು, ಟಿವಿಯ ಮೇಲೆ ಅಕ್ಕನ ಮನೆ ಎದ್ದು ನಿಂತಿತು. ಬಾಗಿಲು ತಡೆಯಿಲ್ಲದೆ ತೆರೆಯಿತು. ನೆಲದ ಮೇಲೆ ಬಿಸಿಲು ಬಿತ್ತು, ಬೇವಿನ ಎಲೆಯ ನೆರಳು ಅಲುಗಾಡಿತು. ನನಗೆ ನಿಜಕ್ಕೂ ಕುಣಿಯುವಷ್ಟು ಸಂತೋಷವಾಯಿತು. ಶಾಂತಾ ಪವರ್ ಡಬ್ಬಿಗೆ ಒಂದು ಕುಂಕುಮದ ಬೊಟ್ಟಿಟ್ಟಳು. ಟ್ರ್ಯಾಕ್ಟರಿನಷ್ಟು ಸಪ್ಪಳ ಮಾಡುವ ವಸ್ತುವಿಗೆ ಪೂಜೆ ಬೇಡವೇ ಎಂದು ಅವಳ ವಾದ.

ಇನ್ನು ಅದನ್ನು ಬಬಲೇಶ್ವರಕ್ಕೆ ಒಯ್ಯುವ ಮಾತೇ ಇಲ್ಲ. ಒಂದು ವೈರು ಅಲುಗಿದರೂ ಎಲ್ಲ ಮೊದಲಿನಿಂದ ಆಗಬೇಕು. ಮೊದಲು ಡಬ್ಬಿಯ ಗುಂಡಿ, ಹತ್ತು ಎಣಿಸಿ ಲ್ಯಾಪ್‌ಟಾಪಿನ ಗುಂಡಿ, ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಮಿಕ್ಸರ್ ಹಾಕಬಾರದು. "ಅಕ್ಕಾ, ನೀನ ಬಾ," ಎಂದು ಫೋನು ಮಾಡಿದೆ. ಬಂದೇ ಬಿಟ್ಟಳು, ಶುಕ್ರವಾರ ಬೆಳಿಗ್ಗೆ ಬಸ್ಸಿನಲ್ಲಿ, ಗರಿಗರಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು. ನಿಜ ಹೇಳಬೇಕೆಂದರೆ ನಾಗರ ಪಂಚಮಿಗೆ ಹೋಗಿ ಅಕ್ಕನನ್ನು ತವರಿಗೆ ಕರೆತರಬೇಕಾದವನು ನಾನು. ಎರಡು ವರ್ಷದಿಂದ ಕೆಲಸದ ನೆವ ಹೇಳಿ ಹಬ್ಬದ ಉಂಡಿಯ ಡಬ್ಬಿಯನ್ನು ಬಬಲೇಶ್ವರದ ಜೀಪಿನವನ ಕೈಗೆ ಕೊಟ್ಟು ಕಳಿಸಿದ್ದೆ. ಅಕ್ಕ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಆಡದಿದ್ದುದನ್ನು ನಾನು ಅನುಕೂಲವೆಂದೇ ತಿಳಿದಿದ್ದೆ.

ಸೋಫಾ ಒಲ್ಲೆನೆಂದು ಅಕ್ಕ ಟಿವಿಯ ಮುಂದೆ ನೆಲದ ಮೇಲೆ ಕೂತಳು. ಬಾಗಿಲು ತೆರೆಯಿತು. "ಚಪ್ಪಲಿ ಎಲ್ಲಿ ಬಿಡೂದು?" ಎಂದಳು. ತೋರಿಸಿದೆ. ಪಡಸಾಲೆ ದಾಟಿ ಅಡುಗೆ ಮನೆಗೆ ಕರೆದೊಯ್ದೆ. ಒಲೆ ಕಟ್ಟೆ ನೋಡಿ ತಲೆಯಾಡಿಸಿದಳು. ಕಿಟಕಿ ಬಂತು. ಕಿಟಕಿಯಾಚೆ ಬೇವಿನ ಗಿಡ, ಹಟ್ಟಿ. ಹಟ್ಟಿಯಲ್ಲಿ ನಾಲ್ಕು ಕುರಿಗಳನ್ನೂ ನಿಲ್ಲಿಸಿದ್ದೆ. ನಾನು ಹೆಮ್ಮೆಯಿಂದ ಗಡಿಯಾರವನ್ನು ಬೆಳಗಿನ ಆರಕ್ಕೆ ತಿರುಗಿಸಿ ಸೂರ್ಯನನ್ನು ಹುಟ್ಟಿಸಿದೆ. ಅಕ್ಕ ಟಿವಿಯ ಹತ್ತಿರ ಸರಿದು, ಕುತ್ತಿಗೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಸಂತೋಷಕ್ಕೆ ಹಾಗೆ ಮಾಡುತ್ತಿದ್ದಾಳೆ ಎಂದುಕೊಂಡೆ.

"ತಮ್ಮಾ, ಇದು ಯಾರ ಮನಿ?"

"ನಿಂದ ಅಕ್ಕಾ."

"ಹೊತ್ತು ಆ ಕಡೆ ಹೊಂಟೈತಿ, ಬೇವಿನ ಗಿಡ ಈ ಕಡೆ ಐತಿ. ನಮ್ಮಲ್ಲಿ ಹೊತ್ತು ಬೇವಿನ ಗಿಡದ ಹಿಂದಿಂದನ ಹೊಂಡತೈತಿ. ಮದಿವಿ ಆಗಿ ಬಂದಾಗಿಂದ ನೋಡಾಕತ್ತೀನಿ."

"ನೀನ ಹೇಳಿದಿಯಲ್ಲ, ಗಿಡ ಬಲಕ್ಕ ಐತಿ ಅಂತ?"

ಅಕ್ಕ ಎದ್ದಳು. ಟಿವಿಗೆ ಬೆನ್ನು ಮಾಡಿ, ಅದರಲ್ಲಿನ ಮನೆಯ ಬಾಗಿಲಲ್ಲಿ ನಿಂತವಳ ಹಾಗೆ ನಮ್ಮ ಕಡೆ ಮುಖ ಮಾಡಿ ನಿಂತು ಬಲಗೈ ಚಾಚಿದಳು. "ಇದು ನನ್ನ ಬಲಕ್ಕ. ನಾ ನನ್ನ ಮನಿ ಬಾಗಲದಾಗ ನಿಂತು ಹೇಳೀನಿ. ನೀ ಎಲ್ಲಿ ನಿಂತಿದ್ದಿ?"

"ರಸ್ತಾದಾಗ," ಎಂದೆ.

ಹೌದು, ನಾನು ಯಾವಾಗಲೂ ರಸ್ತೆಯಲ್ಲೇ ನಿಂತು ಮನೆಯನ್ನು ನೋಡುತ್ತೇನೆ. ಗಿರಾಕಿಗಳೂ ಹಾಗೇ ಹೇಳುತ್ತಾರೆ, ಏಕೆಂದರೆ ಅವರ ಸೈಟಿನಲ್ಲಿ ಇನ್ನೂ ಬಾಗಿಲೇ ಇರುವುದಿಲ್ಲ. ಅಕ್ಕ ಆ ಜಾಗದಲ್ಲಿ ಬಾಳುತ್ತಿದ್ದವಳು. ನನ್ನ ನಕ್ಷೆಯಂತೆ ಸೋಮವಾರ ಪಾಯಾ ತೆಗೆದಿದ್ದರೆ ಅವಳ ಕಿಟಕಿ ನೆರೆಯವರ ಬಚ್ಚಲ ಗೋಡೆಗೆ ತೆರೆಯುತ್ತಿತ್ತು, ಹಟ್ಟಿ ಅವಳ ಬೆನ್ನಿಗೆ ಬೀಳುತ್ತಿತ್ತು. ನಾಯಿ ಬಂದರೆ ಮತ್ತೆ ಒದರಾಟ ಕೇಳಿಯೇ ತಿಳಿಯಬೇಕಿತ್ತು. ನನಗೆ ನಾಚಿಕೆಯಾಯಿತು. ಕಾರ್ಡಿನ ಫ್ಯಾನುಗಳು ಮಾತ್ರ ಏನೂ ಆಗಿಲ್ಲವೆಂಬಂತೆ ತಿರುಗುತ್ತಿದ್ದವು.

"ಒಂದು ಗುಂಡಿ ಒತ್ತಿದ್ರ ಎಲ್ಲಾ ಹೊಳ್ಳಿ ಸರಿ ಆಗತೈತಿ ಅಕ್ಕಾ," ಎಂದೆ.

"ಗುಂಡಿ ಇರ್ಲಿ. ಈ ಡಬ್ಬಿ ಎಲ್ಲಿಂದ ತಂದಿ?"

"ತಿಕೋಟಾದಿಂದ."

"ಮೂರು ಸಲ ಹೋಗಿ ತಂದಾರ್ರಿ ಅಕ್ಕಾರ," ಎಂದಳು ಶಾಂತಾ. ಕೇಳದಿದ್ದರೂ ಹೇಳುವ ವಿಷಯಗಳು ಅವಳ ಬಳಿ ಬೇಕಾದಷ್ಟಿರುತ್ತವೆ.

"ಬಬಲೇಶ್ವರ ಏನ್ ಬಾಳ ದೂರ ಆತೇನೋ, ತಮ್ಮಾ?" ಎಂದಳು ಅಕ್ಕ. ಸಿಟ್ಟಿನಿಂದ ಕೇಳಿದ್ದರೆ ಉತ್ತರ ಹುಡುಕುತ್ತಿದ್ದೆ. ಅವಳು ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ ಹಾಗಿತ್ತು.

ಮರುದಿನ ಬೆಳಿಗ್ಗೆ ಅವಳ ಜೊತೆಯಲ್ಲೇ ಬಬಲೇಶ್ವರದ ಬಸ್ಸು ಹತ್ತಿದೆ. ಲ್ಯಾಪ್‌ಟಾಪು ಬರುವಂತಿರಲಿಲ್ಲ, ಆದ್ದರಿಂದ ಒಂದು ಕಾಗದ, ಒಂದು ಪೆನ್ಸಿಲ್ಲು, ಅಳತೆಯ ಟೇಪು. ನಾನು ಕೆಲಸ ಕಲಿತ ದಿನಗಳಲ್ಲಿ ಇಷ್ಟೇ ಹಿಡಿದು ಹೋಗುತ್ತಿದ್ದೆ. ಜಾಗದಲ್ಲಿ ಗೌಂಡಿ ಪಾಯಾದ ಗೆರೆ ಹಾಕಲು ಸುಣ್ಣದ ಪುಡಿ ಹಿಡಿದು ಕಾಯುತ್ತಿದ್ದ. ಅಕ್ಕ ನನ್ನ ರಟ್ಟೆ ಹಿಡಿದು, ಹೊಸ್ತಿಲು ಬರಬೇಕಾದ ಜಾಗದಲ್ಲಿ ರಸ್ತೆಗೆ ಮುಖ ಮಾಡಿ ನಿಲ್ಲಿಸಿದಳು.

"ಈಗ ಹೇಳು. ಬಲಕ್ಕ ಏನೈತಿ?"

ಗೌಂಡಿ ಸುಣ್ಣದ ಬುಟ್ಟಿ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದ. ಊರವರಿಗೆಲ್ಲ ಮನೆಯ ನಕ್ಷೆ ಬರೆದುಕೊಡುವ ನಾನು, ಬಲಕ್ಕೆ ತಿರುಗಿ ನೋಡಿ, "ಬೇವಿನ ಗಿಡ," ಎಂದೆ.

"ಬರಕೋ," ಎಂದಳು ಅಕ್ಕ.

ಬರೆದುಕೊಂಡೆ.